ಪಂಡಿತಾ ರಮಾಬಾಯಿಯವರೂ ವೇಳೆಯ ವಿನಿಯೋಗವೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರು ವರ್ಷಕ್ಕೊಮ್ಮೆಯಾದರೂ ನಮ್ಮನ್ನು ನೋಡಿಹೋಗಲು ಬರುವುದುಂಟು. ಬಂದವರಲ್ಲಿ ಹೆಚ್ಚು ಮಂದಿಯ ಬಾಯಿಂದ ನಾವು ಕೇಳುವ ದೂರು ಒಂದೇ. ಮನೆ, ಮಕ್ಕಳು, ಅತ್ತೆಮಾವಂದಿರು, ಉದ್ಯೋಗ, ಸಭೆಯ ಸ್ತ್ರೀಸಮಾಜ, ಸಂಡೇ ಸ್ಕೂಲು ಇಷ್ಟಕ್ಕೆಲ್ಲ ದಿನದ ಹೊತ್ತು ಸಾಲದೆಂದೂ, ಪುಸ್ತಕವನ್ನು ಬಿಚ್ಚಿ ಎಷ್ಟೋ ಕಾಲವಾಯಿತೆಂದೂ, ಪ್ರಾರ್ಥನೆಯೂ ಆತುರದ ಕೆಲಸವಾಗಿ ಹೋಯಿತೆಂದೂ ಅವರು ಹೇಳುತ್ತಾರೆ. ಇದಕ್ಕೆ ಉತ್ತರವಾಗಿ ಕಾಲದ ಬೆಲೆಯನ್ನು ಕುರಿತು ಒಂದು ಉಪದೇಶವನ್ನು ಬರೆಯುವುದು ಸುಲಭವೇ ಸರಿ. ಆದರೆ ಅಂಥ ಉಪದೇಶವನ್ನು ಅವರು ತರಗತಿಯಲ್ಲಿದ್ದಾಗಲೇ ಬೇಕಾದಷ್ಟು ಕೇಳಿದ್ದಾರೆ. ಆದಕಾರಣ ಈ ಸಂಚಿಕೆಯಲ್ಲಿ ಉಪದೇಶವನ್ನು ಬಿಟ್ಟು, ಭಕ್ತಿ, ಕುಟುಂಬ, ವಿದ್ಯೆ, ಉದ್ಯೋಗ, ಸೇವೆ ಎಂಬ ಐದು ಹೊರೆಗಳನ್ನೂ ಒಂದೇ ತಲೆಯ ಮೇಲೆ ಹೊತ್ತ ಒಬ್ಬ ಮಹಿಳೆಯ ಜೀವನವನ್ನು ವಾಚಕರ ಮುಂದೆ ಇಡುತ್ತೇವೆ. ಅದರಲ್ಲಿ ನಮ್ಮ ವಿದ್ಯಾರ್ಥಿನಿಯರ ತಾಯಿತಂದೆಗಳು ಗಮನಿಸಬೇಕಾದ ಸಂಗತಿಯೂ ಒಂದುಂಟು.

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳಿದವರು ಅವರನ್ನು ಮಹಾರಾಷ್ಟ್ರದವರೆಂದೇ ಎಣಿಸುವುದು ವಾಡಿಕೆ. ಆದರೆ ಅವರು ಹುಟ್ಟಿದುದು ನಮ್ಮ ನಾಡಿನಲ್ಲಿಯೇ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಶಾಸ್ತ್ರಿಗಳು ಯೌವನದಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಅಭ್ಯಾಸಮಾಡುತ್ತಿದ್ದಾಗ, ಅವರ ಗುರುಗಳು ಪೇಶ್ವೆಯ ಪತ್ನಿಗೂ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬಳು ದೇವಭಾಷೆಯನ್ನು ಓದುವುದನ್ನು ಕಂಡ ಶಾಸ್ತ್ರಿಗಳಿಗೆ ಆಶ್ಚರ್ಯವೂ ಆಶೆಯೂ ಉಂಟಾದವು. ತನ್ನ ಹೆಂಡತಿಗೂ ಕಲಿಸಬೇಕೆಂದು ಅವರು ಆಗಲೇ ನಿಶ್ಚಯಿಸಿದರು. ಮೊದಲನೆಯ ಹೆಂಡತಿಯ ಕಾಲದಲ್ಲಿ ಅದು ಸಾಗಲಿಲ್ಲ. ಆಕೆಯು ತೀರಿಕೊಂಡ ಮೇಲೆ ಲಕ್ಷ್ಮೀಬಾಯಿ ಎಂಬ ಒಂಬತ್ತು ವರ್ಷದ ಬಾಲಿಕೆಯನ್ನು ಮದುವೆಯಾಗಿ, ಆಕೆಗೆ ವಿದ್ಯೆಯನ್ನು ಆರಂಭಿಸಿಯೇ ಬಿಟ್ಟರು. ಊರಿನಲ್ಲಿ ಗದ್ದಲವಾಯಿತು. ಸ್ತ್ರೀಗೆ ಸಂಸ್ಕೃತವನ್ನು ಕಲಿಸಿದ ತಪ್ಪಿಗಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ಸಮಾಧಾನ ಹೇಳಬೇಕಾಯಿತು. ಶಾಸ್ತ್ರಿಗಳು ಶಾಸ್ತ್ರಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಬಳಿಕ ಜನರ ಗೊಡವೆ ಬೇಡವೆಂದು ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿಗೆ ಹೋಗಿ ಅಲ್ಲಿ ಮನೆಯನ್ನು ಕಟ್ಟಿಕೊಂಡರು. ಆ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ ತಿಂಗಳ 23ನೆಯ ದಿನ ರಮಾಬಾಯಿಯವರು ಜನಿಸಿದರು.

ಕಾಡಿನ ಮನೆಯಾದರೂ ಅತಿಥಿಗಳಿಗೆ ಕಡಮೆಯಿರಲಿಲ್ಲ. ಶಿಷ್ಯರೂ ಯಾತ್ರಿಕರೂ ಅಲ್ಲಿ ಉಣ್ಣುತ್ತಿದ್ದರು. ಹೀಗಾಗಿ ಸಾಲವು ಏರಿತು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಸಂಸಾರವು ಮನೆಯನ್ನು ಬಿಟ್ಟು ಹೊರಡಬೇಕಾಯಿತು. ರಮೆಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರು. ಅಂದಿನಿಂದ ಮುಂದಕ್ಕೆ ಆ ಕುಟುಂಬಕ್ಕೆ ನೆಲೆಯೆಂಬುದಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನಗಳಲ್ಲಿ ಪುರಾಣವನ್ನು ಓದುವುದು, ಕೇಳಿದವರು ಕೊಟ್ಟುದರಿಂದ ಜೀವಿಸುವುದು, ಇದೇ ಅವರ ಬಾಳಾಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ತಂದೆಗೆ ಆಗಲೇ ವಯಸ್ಸಾಗಿತ್ತು. ಕಿರಿಯ ಮಗಳಿಗೆ ಪಾಠ ಹೇಳುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಆದುದರಿಂದ ಆ ಕೆಲಸವು ತಾಯಿಯ ಪಾಲಿಗೆ ಬಂದಿತು. ಲಕ್ಷ್ಮೀಬಾಯಿಯವರಿಗೆ ಬಿಡುವು ಎಲ್ಲಿಂದ ಬರಬೇಕು? ಅಡಿಗೆ, ನೀರು, ಬಟ್ಟೆ, ಮಡಿ, ಪೂಜೆಯ ಸಿದ್ಧತೆ, ಗಂಡನ ಆರೈಕೆ, ಮೂವರು ಮಕ್ಕಳು, ಅದರ ಮೇಲೆ ಪ್ರಯಾಣ. ಹಗಲಿನಲ್ಲಿ ಆಕೆಗೆ ಒಂದು ಗಳಿಗೆಯೂ ಸಿಕ್ಕುತ್ತಿರಲಿಲ್ಲ. ಆದಕಾರಣ ಆಕೆಯು ಬೆಳಕು ಹರಿಯುವುದಕ್ಕೆ ಮೊದಲೇ ಎದ್ದು, ನಿದ್ದೆಗಣ್ಣಿನ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ಪಾಠವನ್ನು ಆರಂಭಿಸುತ್ತಿದ್ದರು. ಪುಸ್ತಕವಿಲ್ಲ, ತಾಯಿಯು ಬಾಯಿಂದ ಹೇಳುವುದು, ಮಗಳು ಕೇಳಿ ಒಪ್ಪಿಸುವುದು. ವ್ಯಾಕರಣ, ಕೋಶ, ಭಾಗವತಪುರಾಣದ ಶ್ಲೋಕಗಳು ಎಲ್ಲವೂ ಹೀಗೆಯೇ ಕಂಠಸ್ಥವಾದವು. ಊರಿಂದೂರಿಗೆ ನಡೆದಂತೆ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ ಮೊದಲಾದ ಭಾಷೆಗಳೂ ಬಂದವು.

ಮುಂದೆ ಕಾಶಿಯವರೆಗೂ ಕಲ್ಕತ್ತೆಯವರೆಗೂ ಹಬ್ಬಿದ ಆ ಪಾಂಡಿತ್ಯದ ಬೇರು ಇಲ್ಲಿಯದು. ಒಬ್ಬ ಹೆಂಗಸು ತನ್ನ ನಿದ್ದೆಯನ್ನು ಕಡಮೆಮಾಡಿಕೊಂಡು ಮಗಳಿಗೆ ಕೊಟ್ಟ ಹೊತ್ತೇ ಆಕೆಯ ವಿದ್ಯೆಯಾಯಿತು. ನಮ್ಮ ಅನೇಕ ಮನೆಗಳಲ್ಲಿ ಹುಡುಗಿಯು ಓದಲಿ, ಆದರೆ ಮನೆಗೆಲಸ ಮುಗಿದ ಮೇಲೆ ಓದಲಿ, ಎಂಬ ಏರ್ಪಾಡಿದೆ. ಮನೆಗೆಲಸವು ಎಂದೂ ಮುಗಿಯುವುದಿಲ್ಲವೆಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಲಕ್ಷ್ಮೀಬಾಯಿಯವರು ಪಾಠವನ್ನು ಕೆಲಸದ ಕೊನೆಗೆ ಇಡಲಿಲ್ಲ, ಮೊದಲಿಗೆ ಇಟ್ಟರು.

ಮದರಾಸು ಪ್ರಾಂತದಲ್ಲಿ ದೊಡ್ಡ ಕ್ಷಾಮವು ಬಂದಾಗ ಈ ಸಂಸಾರವು ಹಸಿವಿನಿಂದಲೇ ನಾಶವಾಯಿತು. ಮೊದಲು ತಂದೆ, ಸ್ವಲ್ಪ ಕಾಲದಲ್ಲಿ ತಾಯಿ, ಅನಂತರ ಅಕ್ಕ, ಹೀಗೆ ಒಬ್ಬೊಬ್ಬರಾಗಿ ಹೋದರು. ಇಪ್ಪತ್ತು ತುಂಬದ ರಮಾಬಾಯಿಯೂ ಅವರ ಅಣ್ಣ ಶ್ರೀನಿವಾಸನೂ ಉಳಿದರು. ಇಬ್ಬರೂ ಬರಿಗಾಲಿನಲ್ಲಿ ಉತ್ತರಕ್ಕೆ ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ಪಂಡಿತರು ಆಕೆಯನ್ನು ಪರೀಕ್ಷಿಸಿ ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಹೋದನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು, ಜಾತಿಯ ಕಟ್ಟನ್ನು ಮೀರಿ, ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯು ಸಿಕ್ಕಿದುದು ಈ ಮನೆಯಲ್ಲಿಯೇ. 1881ರ ಏಪ್ರಿಲಿನಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ಕಾಲರಾದಿಂದ ಮೃತನಾದನು. ಇಪ್ಪತ್ತನಾಲ್ಕು ತುಂಬುವ ಮೊದಲೇ ಆಕೆಯು ವಿಧವೆ. ಕೈಯಲ್ಲಿ ಹತ್ತು ತಿಂಗಳ ಕೂಸು.

ಆ ಕಾಲದ ವಿಧವೆಗೆ ಲೋಕವು ವಿಧಿಸಿದ್ದುದು ಒಂದು ಮೂಲೆ. ರಮಾಬಾಯಿಯವರು ಕೂಸನ್ನೆತ್ತಿಕೊಂಡು ಪುಣೆಗೆ ಬಂದರು. ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಇಂಗ್ಲಿಷು ಕಲಿಯಲಾರಂಭಿಸಿದರು, ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದರು. ಸರಕಾರವು ಹಂಟರ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ವಿದ್ಯಾ ಆಯೋಗದ ಮುಂದೆ ಸಾಕ್ಷಿ ಹೇಳಿ, ಹುಡುಗಿಯರ ಶಾಲೆಗಳಿಗೆ ಉಪಾಧ್ಯಾಯಿನಿಯರೂ ಸ್ತ್ರೀಯರ ರೋಗಗಳಿಗೆ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದರು. ಉಪಾಧ್ಯಾಯಿನಿಯರಾದ ನಮಗೆ ಈ ಮಾತು ವಿಶೇಷವಾಗಿ ಸಲ್ಲತಕ್ಕದ್ದು. ಇಷ್ಟೂ ಒಂದೇ ವರ್ಷದ ಕೆಲಸವೆಂದು ಎಣಿಸಿದರೆ ಆಕೆಗೆ ದಿನಕ್ಕೆ ಎಷ್ಟು ತಾಸುಗಳಿದ್ದವೋ ಎಂದು ಬೆರಗಾಗುತ್ತದೆ.

ಪುಸ್ತಕದ ಮಾರಾಟದಿಂದ ಬಂದ ಹಣದ ಸಹಾಯದಿಂದ 1883ರಲ್ಲಿ ತಾಯಿಮಗಳು ಇಂಗ್ಲೆಂಡಿಗೆ ಹಡಗು ಹತ್ತಿದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಆಶ್ರಮದಲ್ಲಿ ಇಳಿದುಕೊಂಡು, ಆ ವರ್ಷದ ಸೆಪ್ಟೆಂಬರ್ 29ನೆಯ ದಿನ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಅಭಿಲಾಷೆಯು ಕಿವಿಯು ಮಂದವಾದುದರಿಂದ ಕೈಗೂಡಲಿಲ್ಲ. ಆಗ ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿಗೆ ಹೋಗಿ, ಡೊರೊಥಿಯಾ ಬೀಲ್ ಎಂಬ ಪ್ರಸಿದ್ಧ ಮುಖ್ಯೋಪಾಧ್ಯಾಯಿನಿಯ ಕೈಕೆಳಗೆ 1884ರಿಂದ 1886ರ ವರೆಗೆ ಓದಿದರು. ಓದುತ್ತಲೇ ಸಂಸ್ಕೃತವನ್ನೂ ಕಲಿಸಿದರು. ಆಕೆಯು ಗಂಡಸರಿಗೆ ಪಾಠ ಹೇಳುವುದು ಸಲ್ಲದೆಂದು ಕೆಲವು ಬಿಷಪ್ಪರು ಅಭಿಪ್ರಾಯಪಟ್ಟರು. ಸಭೆಯನ್ನು ಸೇರಿದೆನೆಂದ ಮಾತ್ರಕ್ಕೆ ತನ್ನ ಮನಸ್ಸಾಕ್ಷಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲವೆಂದು ರಮಾಬಾಯಿಯವರು ಪತ್ರಮುಖವಾಗಿ ತಿಳಿಸಿದರು. ಸಭೆಯ ಸೇವೆಯೆಂದರೆ ಹೇಳಿದುದಕ್ಕೆಲ್ಲ ತಲೆಯಾಡಿಸುವುದೆಂದು ತಿಳಿದಿರುವ ನಮ್ಮ ಕೆಲವು ಸಹೋದರಿಯರು ಈ ಪ್ರಸಂಗವನ್ನು ನೆನಪಿನಲ್ಲಿಡಬಹುದು.

1886ರಲ್ಲಿ, ಅಮೇರಿಕದಲ್ಲಿ ವೈದ್ಯಪದವಿಯನ್ನು ಪಡೆಯಲಿದ್ದ ಬಂಧುವಾದ ಆನಂದೀಬಾಯಿ ಜೋಶಿಯವರ ಪದವಿದಾನವನ್ನು ನೋಡುವುದಕ್ಕಾಗಿ ಅಲ್ಲಿಗೆ ಹೋದವರು, ಮೂರು ವರ್ಷಗಳ ಕಾಲ ಅಲ್ಲಿಯೇ ನಿಲ್ಲುವಂತಾಯಿತು. ಫ್ರೋಬೆಲನ ಶಿಶುವಿಹಾರದ ಪದ್ಧತಿಯನ್ನು ಅಭ್ಯಾಸಮಾಡಿದರು. ಭರತಖಂಡದ ಮೇಲ್ಜಾತಿಯ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಗರದಿಂದ ನಗರಕ್ಕೆ ಹೋಗಿ ಉಪನ್ಯಾಸಮಾಡಿದರು. ವಿಧವೆಯರಿಗಾಗಿ ಒಂದು ಶಾಲೆಯನ್ನು ಹತ್ತು ವರ್ಷ ನಡೆಯಿಸಲು ಬೇಕಾದ ದ್ರವ್ಯಕ್ಕಾಗಿ ಬಾಸ್ಟನಿನಲ್ಲಿ ಒಂದು ಸಂಘವು ಏರ್ಪಟ್ಟಿತು.

ಈ ಓಡಾಟದ ನಡುವೆ ಮನೋರಮೆಯ ಗತಿಯೇನು? ಆ ಮಗುವು ಬಹಳ ಕಾಲವನ್ನು ತಾಯಿಯಿಂದ ದೂರವಾಗಿ, ವಾಂಟೇಜಿನ ಸಹೋದರಿಯರ ಬಳಿಯಲ್ಲಿ ಕಳೆಯಬೇಕಾಯಿತು. ತನ್ನ ತಾಯಿಯು ಪ್ರತಿದಿನವೂ ಬೆಳಗಿನ ಮುದ್ದಿನೊಡನೆ ತನಗೆ ಕೊಟ್ಟಿದ್ದ ಹೊತ್ತನ್ನು ರಮಾಬಾಯಿಯವರು ತಮ್ಮ ಮಗಳಿಗೆ ಆ ವರ್ಷಗಳಲ್ಲಿ ಕೊಡಲಾರದೆ ಹೋದರು. ಚರಿತ್ರೆಗಳನ್ನು ಬರೆಯುವವರು ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗುವುದುಂಟು. ನಾವು ಹಾಗೆ ಹೊಗಳಲಾರೆವು. ತ್ಯಾಗಮಾಡಿದವರಲ್ಲಿ ಆ ಮಗುವೂ ಒಬ್ಬಳು, ಆಕೆಯನ್ನು ಯಾರೂ ಕೇಳಲಿಲ್ಲ. ಮಹಾಕಾರ್ಯವನ್ನು ಮಾಡುವವರ ವೇಳೆಯೂ ಎಲ್ಲಿಂದಲೋ ಬರಬೇಕಷ್ಟೆ. ರಮಾಬಾಯಿಯವರಿಗೆ ಅದು ಈ ಕಡೆಯಿಂದ ಬಂದಿತು. ಇದನ್ನು ಹೇಳುವುದರಿಂದ ಅವರ ಗೌರವಕ್ಕೆ ಕುಂದಿಲ್ಲವೆಂದು ನಮ್ಮ ಎಣಿಕೆ. ಕೆಲಸಕ್ಕೆ ಹೋಗುವ ತಾಯಂದಿರು ತಮ್ಮೊಬ್ಬರಿಗೇ ಇಂಥ ಸಂಕಟವೆಂದು ತಿಳಿಯುವುದೂ ಬೇಡ.

ಸ್ವದೇಶಕ್ಕೆ ಹಿಂದಿರುಗಿ 1889ರ ಮಾರ್ಚ್ 11ನೆಯ ದಿನ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಬಾಲವಿಧವೆಯರಿಗೆ ಊಟ, ಬಟ್ಟೆ, ವಿದ್ಯೆ ಇವೆಲ್ಲ ಅಲ್ಲಿದ್ದುವು. ಇವೆಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಅವರಿಗೆ ಹೊತ್ತು ಇತ್ತು. ಅತ್ತೆಯ ಮನೆಯಲ್ಲಿ ಮೊದಲು ಎದ್ದು ಕೊನೆಗೆ ಮಲಗುತ್ತಿದ್ದ ಹುಡುಗಿಯು ಇಲ್ಲಿ ಹಲಗೆಯನ್ನು ಹಿಡಿದು ಕೂತುಕೊಳ್ಳಬಹುದಾಗಿತ್ತು. ಅಲ್ಲಿ ಸೇರಿದ ಮೊದಲನೆಯ ವಿಧವೆಯಾದ ಗೋದೂಬಾಯಿಯವರನ್ನು 1893ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಸ್ತ್ರೀವಿದ್ಯೆಗಾಗಿ ಕರ್ವೆಯವರು ಮುಂದೆ ಮಾಡಿದ ಕೆಲಸವನ್ನು ವಾಚಕರು ಬಲ್ಲರು.

ಸದನದಲ್ಲಿ ಮತಬೋಧೆ ಮಾಡುವುದಿಲ್ಲವೆಂಬ ನಿಬಂಧನೆಯಿತ್ತು. ಹಿಂದೂ ಹುಡುಗಿಯರು ತಮ್ಮ ಆಚಾರದಂತೆ ನಡೆಯಬಹುದಾಗಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಬೈಬಲನ್ನು ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಕ್ರಮೇಣ ಕೆಲವು ಹುಡುಗಿಯರು ತಾವಾಗಿ ಬಂದು ಕೂತುಕೊಳ್ಳಲಾರಂಭಿಸಿದರು. ಇದು ಪುಣೆಯಲ್ಲಿ ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ಸದನಕ್ಕೆ ಬೆಂಬಲವಾಗಿದ್ದ ರಾನಡೆ, ಭಂಡಾರ್ಕರ್ ಮೊದಲಾದ ಸಲಹೆಗಾರರು 1893ರಲ್ಲಿ ಸಂಬಂಧವನ್ನು ಬಿಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಮಕ್ಕಳನ್ನು ನಂಬಿಕೆಯಿಂದ ಒಪ್ಪಿಸಿದ ಪೋಷಕರ ಕಳವಳವು ನಮಗೆ ಅರ್ಥವಾಗದುದಲ್ಲ. ಎಲ್ಲ ಮತಗಳ ಮಕ್ಕಳೂ ನಮ್ಮಲ್ಲಿ ಕಲಿಯುತ್ತಾರೆ. ಆದರೂ ತಾಯಿಯೊಬ್ಬಳು ಮಗಳೊಡನೆ ಪ್ರಾರ್ಥಿಸುವ ಆ ಅರ್ಧ ಗಳಿಗೆಯನ್ನು ಕದ್ದ ಒಡವೆಯಂತೆ ಬಾಗಿಲು ಮುಚ್ಚಿ ಬಚ್ಚಿಡಬೇಕೆಂದರೆ ಅವರು ಒಪ್ಪಲಿಲ್ಲ. ದಿನದಲ್ಲಿ ಮಗಳಿಗೂ ದೇವರಿಗೂ ಸೇರಿ ಸಿಕ್ಕುತ್ತಿದ್ದ ಹೊತ್ತು ಅದೊಂದೇ ಆಗಿತ್ತೋ ಏನೋ. ಶಾಲೆಯು ಬರಿದಾಗುವಂತಾದರೂ ಬಾಗಿಲು ತೆರೆದೇ ಇತ್ತು.

ಪುಣೆಯಿಂದ ರೈಲಿನ ಹಾದಿಯಲ್ಲಿ ಸುಮಾರು 35 ಮೈಲಿ ದೂರದ ಕೇಡಗಾಂವ್ ಎಂಬಲ್ಲಿ ಅವರು ಹಣ್ಣಿನ ತೋಟಕ್ಕಾಗಿ ಸ್ವಲ್ಪ ಜಮೀನನ್ನು ಕೊಂಡಿದ್ದರು. ಅಮೇರಿಕದ ಸಹಾಯವು ನಿಂತ ಮೇಲೆ ಸದನವು ತನ್ನ ಕಾಲಮೇಲೆ ನಿಲ್ಲಲೆಂಬುದು ಅದರ ಉದ್ದೇಶ. ಆದರೆ 1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವು ಬಂದಿತು. ತಾಯಿತಂದೆಗಳನ್ನು ಹಸಿವಿಗೆ ಒಪ್ಪಿಸಿದ್ದ ರಮಾಬಾಯಿಯವರು ಸುಮ್ಮನಿರಲಾರದೆ ತಾವೇ ಅಲ್ಲಿಗೆ ಹೋಗಿ, ದಿಕ್ಕಿಲ್ಲದ ಸುಮಾರು ಮುನ್ನೂರು ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದರು. ತೋಟದ ಜಮೀನಿನಲ್ಲಿ ಮುಕ್ತಿ ಸದನವು ಎದ್ದಿತು. 1900ರಲ್ಲಿ ಗುಜರಾತಿನ ಕ್ಷಾಮವು ಬಂದಾಗ ಅಲ್ಲಿಯವರ ಸಂಖ್ಯೆಯು ಸುಮಾರು 2,000ಕ್ಕೆ ಏರಿತು.

ಎರಡು ಸಾವಿರ ಜನರ ಅಡಿಗೆಯನ್ನು ನಮ್ಮ ಗೃಹಿಣಿಯರು ಮನಸ್ಸಿನಲ್ಲಿ ಎಣಿಸಿನೋಡಲಿ. ಧಾನ್ಯ, ಸೌದೆ, ಬಾವಿಗಳು, ಬಟ್ಟೆ, ಕಾಯಿಲೆ, ಪತ್ರವ್ಯವಹಾರ, ಲೆಕ್ಕ ಎಲ್ಲದರ ಮೇಲೂ ರಮಾಬಾಯಿಯವರ ಕಣ್ಣು ಇರಬೇಕಾಗಿತ್ತು. ಆದರೆ ಎಲ್ಲವನ್ನೂ ಅವರು ತಮ್ಮ ಕೈಯಲ್ಲಿ ಹಿಡಿದುಕೊಳ್ಳಲಿಲ್ಲ. ಒಬ್ಬರಿಗೆ ಮಗ್ಗ, ಒಬ್ಬರಿಗೆ ಎಣ್ಣೆಯ ಗಾಣ, ಒಬ್ಬರಿಗೆ ಹಸುಗಳು, ಒಬ್ಬರಿಗೆ ತೋಟ, ಒಬ್ಬರಿಗೆ ಅಚ್ಚುಕೂಟ ಹೀಗೆ ಕೆಲಸವನ್ನು ಹಂಚಿದರು. ಹಂಚಿದ ಮೇಲೆ ನಂಬಿದರು. ಕುರುಡು ಹೆಂಗಸರೂ ಬುಟ್ಟಿ ಹೆಣೆದರು, ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯನ್ನು ಕಲಿತರು. ಕೈಯಿಂದ ಕೆಲಸವನ್ನು ಬಿಡಲಾರದೆ, ಹೊತ್ತಿಲ್ಲವೆಂದು ಗೋಳಾಡುವವರನ್ನು ನಾವು ಮನೆಗಳಲ್ಲಿಯೂ ಕಂಡಿದ್ದೇವೆ, ಸಭೆಯ ಕಮಿಟಿಗಳಲ್ಲಿಯೂ ಕಂಡಿದ್ದೇವೆ. ಶಾಲೆಗಳೂ ಇದಕ್ಕೆ ಹೊರತಲ್ಲ.

ಮನೋರಮೆಯು ಈ ವೇಳೆಗೆ ಬೆಳೆದಿದ್ದಳು. ಅಮೇರಿಕದಲ್ಲಿ ಕಲಿತು ಬಂದು ತಾಯಿಯ ಬಲಗೈಯಾಗಿ ನಿಂತಳು. ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದು ಶಾರದಾ ಸದನದ ಶಾಲೆಯನ್ನು ನಡೆಯಿಸಿದಳು. 1912ರಲ್ಲಿ ನಮ್ಮ ಕಲಬುರಗಿಯಲ್ಲಿ, ಆಗ ಅದು ನಿಜಾಮರ ಸೀಮೆಯಲ್ಲಿತ್ತು, ಹುಡುಗಿಯರಿಗಾಗಿ ಒಂದು ಶಾಲೆಯನ್ನು ಸ್ಥಾಪಿಸಿದಳು. ಚಿಕ್ಕಂದಿನಲ್ಲಿ ತಾಯಿಯ ಕೆಲಸವು ತಾಯಿಯನ್ನು ಆಕೆಯಿಂದ ಅಗಲಿಸಿತ್ತು. ದೊಡ್ಡವಳಾದ ಮೇಲೆ ಆ ಕೆಲಸವೇ ಇಬ್ಬರನ್ನೂ ಒಂದೇ ಮೇಜಿನ ಎರಡು ಕಡೆಗಳಲ್ಲಿ ಕೂರಿಸಿತು.

ಇಷ್ಟು ಕಾರ್ಯಭಾರದ ನಡುವೆ ರಮಾಬಾಯಿಯವರು ಇನ್ನೊಂದು ಅಭ್ಯಾಸವನ್ನು ಕೈಕೊಂಡರು. ಆಗ ಬಳಕೆಯಲ್ಲಿದ್ದ ಮರಾಠಿ ಸತ್ಯವೇದದ ಭಾಷೆಯು ಹಳ್ಳಿಯ ಹೆಂಗಸರಿಗೆ ತಿಳಿಯದೆಂದು ಕಂಡು, ಸುಲಭವಾದ ಮರಾಠಿಯಲ್ಲಿ ಅದನ್ನು ಹೊಸದಾಗಿ ಭಾಷಾಂತರಿಸಲು ತೊಡಗಿದರು. ಅದಕ್ಕಾಗಿ, ನಲವತ್ತು ದಾಟಿದ ಮೇಲೆ, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತದ ಮಹಾಪಂಡಿತೆಯು ಸಂಸ್ಕೃತದ ಬಿಗಿಯನ್ನು ಬೇಕೆಂದೇ ಬಿಟ್ಟು, ಒಲೆಯ ಮುಂದಿನ ಮಾತನ್ನು ಹುಡುಕಿದರು. ಹಗಲು ಎರಡು ಸಾವಿರ ಜನರದು. ಕಲಿಕೆಯೂ ಭಾಷಾಂತರವೂ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸಾಗಬೇಕಾಯಿತು. ಕ್ಷಾಮ, ಜ್ವರ, ಸಾಲ, ಸಾವು ಯಾವುದು ಬಂದರೂ ದಿನದ ಪಾಲು ನಡೆಯಿತು. ಸುಮಾರು ಹದಿನೆಂಟು ವರ್ಷಗಳ ಕಾಲ ಹಾಗೆ ನಡೆಯಿತು. ಕಿವಿಯ ಕಿವುಡು ಹೆಚ್ಚಿತ್ತು, ದೇಹವು ಬಳಲಿತ್ತು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಅದರಿಂದ ಅವರ ದಿನಚರ್ಯೆಯಲ್ಲಿ ಏನೂ ಬದಲಾದಂತೆ ತೋರದು.

1921ರ ಜುಲೈ ತಿಂಗಳಲ್ಲಿ, ನಲವತ್ತು ವರ್ಷದ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ತನ್ನ ಅನಂತರ ಎಲ್ಲವನ್ನೂ ಯಾರ ಕೈಗೆ ಒಪ್ಪಿಸಬೇಕೆಂದು ರಮಾಬಾಯಿಯವರು ನೆನೆದಿದ್ದರೋ ಆ ಕೈಯೇ ಇಲ್ಲವಾಯಿತು. ಅವರು ಸದನದ ಆಡಳಿತವನ್ನು ಮತ್ತೆ ವಹಿಸಿಕೊಂಡು, ಸತ್ಯವೇದದ ಕರಡಚ್ಚುಗಳನ್ನು ತಿದ್ದುತ್ತ ಇನ್ನೂ ಕೆಲವು ತಿಂಗಳು ಬದುಕಿದ್ದರು. ತಿದ್ದುವ ಕೆಲಸವು ಮುಗಿದ ಸ್ವಲ್ಪದರಲ್ಲಿಯೇ, 1922ರ ಏಪ್ರಿಲ್ 5ನೆಯ ದಿನ ಕೇಡಗಾಂವಿನಲ್ಲಿ ದೇಹವನ್ನು ಬಿಟ್ಟರು. ಇನ್ನು ಹದಿನೆಂಟು ದಿನಗಳು ಕಳೆದಿದ್ದರೆ ಅವರಿಗೆ ಅರುವತ್ತನಾಲ್ಕು ತುಂಬುತ್ತಿತ್ತು.

ಪೂರ್ಣ ಸತ್ಯವೇದವು 1924ರಲ್ಲಿ ಮುಕ್ತಿಯ ಅಚ್ಚುಕೂಟದಿಂದ ಹೊರಬಂದಿತು. ಅದರ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರೂ, ಹಾಳೆಗಳನ್ನು ಅಚ್ಚುಹಾಕಿದವರೂ ಆ ಸದನದ ಹೆಂಗಸರೇ.